ಹವಾನಾದ ತೊಟ್ಟಿಮನೆ

ಭಾವ,

ಕ್ಷೇಮವೇ ಎಂದು ಕೇಳಿ ಶುರು ಮಾಡೋಣವೆಂದರೆ ನೀವೇ ನಗುತ್ತೀರಿ. ನಿಮಗಿನ್ನೇನು ಕ್ಷೇಮಸಮಾಚಾರ, ಅದರ ತಾಪತ್ರಯವೆಲ್ಲ ಇಲ್ಲಿ ಉಳಿದವರದು. ಇವತ್ತು ಕರೆಂಟ್ ಇಲ್ಲವೆಂದು ಕಾರ್ಖಾನೆಗೆ ರಜೆ ಕೊಟ್ಟಿದ್ದಾರೆ. ಪೀಣ್ಯದ ಷೆಡ್ಡುಗಳೆಲ್ಲ ಬಾಯಿ ಮುಚ್ಚಿಕೊಂಡಿವೆ. ರಾಜಗೋಪಾಲನಗರದ ನನ್ನ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಕೂತು, ಹಳೆಯ ಡ್ರಾಯಿಂಗ್ ಹಾಳೆಯ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ಸುಸ್ತಾಗಿದೆ ಭಾವ, ಮಲಗಿ ಎದ್ದರೆ ಹೋಗುವಂಥ ಸುಸ್ತಲ್ಲ ಇದು. ಆದರೂ ನಿಮಗೊಂದು ವರದಿ ಕೊಡುವುದು ಹಾಗೇ ಉಳಿದಿದೆ. ಊರು ನೋಡಿ ಬಂದು ಹೇಳು ಎಂದಿದ್ದಿರಿ. ನಾನು ಹೊರಡುವ ಮೊದಲೇ ನೀವು ಹೊರಟುಬಿಟ್ಟಿರಿ. ಕೇಳುವವರು ಇಲ್ಲವೆಂದು ಹೇಳದೆ ಬಿಡುವುದಕ್ಕಾಗುತ್ತದೆಯೇ?

ಆ ಲೇತ್ ಮಿಷನ್ನನ್ನು ಪೆಟ್ಟಿಗೆಗೆ ಹಾಕಿದ ದಿನ ನೆನಪಿದೆಯಾ? ಅದನ್ನು ಜೋಡಿಸಿದ ಫಿಟ್ಟರ್ ನಾನು, ಅದಕ್ಕೆ ಮರದ ಪೆಟ್ಟಿಗೆ ಕಟ್ಟುವ ಪ್ಯಾಕಿಂಗ್ ಸೆಕ್ಷನ್ನಿನ ಯಜಮಾನರು ನೀವು. ತಗಡಿನ ಅಚ್ಚಿಟ್ಟು ಕಪ್ಪು ಬಣ್ಣದಲ್ಲಿ ಹವಾನಾ ಎಂದು ಹೊಡೆದಿರಿ. ಆಮೇಲೆ ಕುಂಚವನ್ನು ಡಬ್ಬಕ್ಕೆ ಒರಗಿಸಿ, "ಎಲ್ಲೈತಯ್ಯ ಇದು?" ಎಂದು ಕೇಳಿದಿರಿ.

"ಕ್ಯೂಬಾ ಅಂತ ದ್ವೀಪ ಭಾವ. ಅಮೆರಿಕಾದ ಕೆಳಗಡೆ. ಅಲ್ಲಿಯ ದೊಡ್ಡ ಊರು."

"ಸಮುದ್ರದ ಪಕ್ಕಾನಾ?"

"ಪಕ್ಕ ಏನು, ಸಮುದ್ರದ ಬಾಯಲ್ಲೇ."

ನೀವು ಯೋಚನೆಗೆ ಬಿದ್ದಿರಿ. "ಅಂಗಾದ್ರೆ ಉಪ್ಪು ಗಾಳಿಗೆ ಗೋಡೆ ಎಂಗ್ ನಿಲ್ತದೆ? ನೋಡು, ನೀನು ಮಿಷನ್ ಕೂರ್ಸೋಕೆ ಹೋದಾಗ ಬರೀ ಮಿಷನ್ ನೋಡ್ಕೊಂಡು ಬರ್ಬ್ಯಾಡ ಕಣಯ್ಯ. ಊರು ನೋಡು. ಮನೆ ಎಂಗವೆ, ಕಂಬ ಎಂಗವೆ, ಸುಣ್ಣ ಯಾವ ತರ ಹೊಡೀತಾರೆ, ಎಲ್ಲಾ ನೋಡ್ಕೊಂಡು ಬಂದು ಹೇಳು." ಪರದೇಶಕ್ಕೆ ಹೋಗುವವನಿಗೆ ಜನ ವಾಚು ತಾ, ರೇಡಿಯೋ ತಾ ಎನ್ನುತ್ತಾರೆ. ನೀವು ಗೋಡೆಯ ಸಮಾಚಾರ ತಾ ಎಂದಿರಿ. ಅಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ.

ನಿಮ್ಮ ಮನೆಯ ಹುಚ್ಚು ಗೊತ್ತಿದ್ದವನಿಗೆ ಅದೇನೂ ಹೊಸದಲ್ಲ. ಕಾರ್ಖಾನೆಗಳಿಗೆಂದು ಸರ್ಕಾರ ನಿಮ್ಮ ಹೊಲಗಳನ್ನೆಲ್ಲ ತೆಗೆದುಕೊಂಡಾಗ ಉಳಿದದ್ದು ಆ ತೊಟ್ಟಿಮನೆ ಒಂದೇ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಅದರ ಸುತ್ತ ಹಲಸಿನ ಮರದ ಕಂಬಗಳು, ಕಂಬದ ಹಿಂದೆ ಸಾಲು ಕೋಣೆಗಳು, ಮೇಲೆ ನಾಡಹೆಂಚು. ಅಷ್ಟು ದೊಡ್ಡ ಮನೆಗೆ ನೀವೂ ನಮ್ಮಕ್ಕನೂ ಇಬ್ಬರೇ. ಮಕ್ಕಳಾಗಲಿಲ್ಲ. ರಾಗಿ ಬೆಳೆಯುತ್ತಿದ್ದ ನಿಮ್ಮ ನೆಲದ ಮೇಲೆಯೇ ನಿಂತ ಕಾರ್ಖಾನೆಗೆ ಟಿಫಿನ್ ಕ್ಯಾರಿಯರ್ ಹಿಡಿದು ಕೆಲಸಕ್ಕೆ ಬರುತ್ತಿದ್ದಿರಿ. ಸಂಜೆ ಹೋಗಿ ತೊಟ್ಟಿಯ ಮೂಲೆಯ ಕಂಬಕ್ಕೆ ಒರಗಿ ಕೂತರೆ ಊಟಕ್ಕೆ ಕರೆಯುವವರೆಗೂ ಏಳುತ್ತಿರಲಿಲ್ಲ. ಯುಗಾದಿ ಬಂದರೆ ಸುಣ್ಣ ಹೊಡೆಯುವವರು ನೀವೇ, ಇನ್ನೊಬ್ಬರ ಕೈಗೆ ಕುಂಚ ಕೊಡುತ್ತಿರಲಿಲ್ಲ. ಸುಣ್ಣಕ್ಕೆ ನೀಲಿ ಕಲಸುವಾಗ ನಿಮ್ಮ ಕೈಗೆ ಹಿಡಿತವೇ ಇರುತ್ತಿರಲಿಲ್ಲ. "ಮನೆನೋ, ನೀಲಿಗೆ ಅದ್ದಿದ ಪಂಚೆನೋ ಇದು?" ಎಂದು ಅಕ್ಕ ವರ್ಷವರ್ಷವೂ ರೇಗುತ್ತಿದ್ದಳು. ನೀವು ವರ್ಷವರ್ಷವೂ ಹಾಗೇ ಕಲಸುತ್ತಿದ್ದಿರಿ.

ಪೆಟ್ಟಿಗೆಯ ಕೊನೆಯ ಹಲಗೆ ಹೊಡೆಯುವ ಮುಂಚೆ ನೀವು ಮಾಡಿದ ಕೆಲಸವನ್ನು ಇಲ್ಲಿ ಹೇಳಲೇಬೇಕು. ಪರದೇಶಕ್ಕೆ ಹೋಗುವ ಮಾಲು, ಅರಿಶಿನ ಕುಂಕುಮ ಹೂವು ಏನೂ ಮುಟ್ಟಿಸಬೇಡಿ ಎಂದು ಮ್ಯಾನೇಜರು ಬೆಳಿಗ್ಗೆಯೇ ಹೇಳಿಹೋಗಿದ್ದರು. ಅವರು ಊಟಕ್ಕೆ ಎದ್ದರು. ನೀವು ಅತ್ತಿತ್ತ ನೋಡಿ ಅಂಗಿಯ ಜೇಬಿನಿಂದ ಕಾಗದದ ಪೊಟ್ಟಣ ತೆಗೆದಿರಿ. "ಸಮುದ್ರ ದಾಟೋ ಮಿಷನ್ನು. ಬರೀ ಹಣೇಲಿ ಕಳ್ಸೋಕಾಗ್ತದಾ?" ಆಯುಧಪೂಜೆಯ ದಿನ ಇಡುವ ಹಾಗೆಯೇ ಕುಂಕುಮದ ಬೊಟ್ಟು ಇಟ್ಟಿರಿ, ಹೆಡ್ಡಿನ ಮೇಲೆ, ಚಕ್ರದ ಮೇಲೆ, ಕಬ್ಬಿಣದ ಮಣೆಯಂಥ, ಎಣ್ಣೆ ಬಳಿದಿದ್ದ ಬೆಡ್ಡಿನ ಉದ್ದಕ್ಕೂ. ನಾನು ಬಾಗಿಲಲ್ಲಿ ನಿಂತು ಮ್ಯಾನೇಜರು ಬರುತ್ತಾರೇನೋ ಎಂದು ಕಾಯುತ್ತಿದ್ದೆ. ಆಮೇಲೆ ಹಲಗೆ ಕೂರಿಸಿ ಮೊಳೆ ಹೊಡೆದಿರಿ. ಪೆಟ್ಟಿಗೆ ಲಾರಿ ಹತ್ತಿ ಮದರಾಸಿನ ಬಂದರಿಗೆ ಹೋಯಿತು.

ಆ ಹಡಗು ಇನ್ನೂ ನೀರಿನ ಮೇಲಿರುವಾಗಲೇ ನಿಮಗೆ ಕಾಮಾಲೆ ಹಿಡಿಯಿತು. ನಾಟಿ ಔಷಧ ಆಯಿತು, ಪಥ್ಯ ಆಯಿತು, ಕೊನೆಗೆ ಆಸ್ಪತ್ರೆ. ಕಣ್ಣು ಅರಿಶಿನವಾಗಿದ್ದರೂ ನಿಮ್ಮ ತಮಾಷೆ ಬಿಟ್ಟಿರಲಿಲ್ಲ. ಅಕ್ಕ ಗಂಜಿ ಕುಡಿಸುತ್ತಿರುವಾಗ ಅವಳ ಎದುರಿಗೇ ನನ್ನ ಕೈ ಹಿಡಿದುಕೊಂಡಿರಿ. "ನಾನು ಹೋದ್ಮೇಲೆ ಇವಳು ಮನೆ ಕೀಳ್ಸೋಕೆ ನೋಡ್ತಾಳೆ ಕಣಯ್ಯ. ಬಿಡ್ಬ್ಯಾಡ." ಆಮೇಲೆ ಅವಳ ಕಡೆ ತಿರುಗಿ, "ನಿನ್ ತಮ್ಮ ಶಿವನ್ನ ಕೇಳ್ದೆ ಒಂದು ಹೆಂಚೂ ತೆಗೀಬ್ಯಾಡ, ಆಯ್ತಾ?" ಎಂದಿರಿ. ಅವಳು ಚಮಚ ಹಿಡಿದೇ ಕೂತಿದ್ದಳು. ನಾನು ಆಯ್ತು ಭಾವ ಎಂದೆ. ಮಲಗಿದವರಿಗೆ ಬೇರೆ ಏನು ಹೇಳಲಾಗುತ್ತದೆ? ಮನೆಯನ್ನು ತಂದು ನನ್ನ ಕೊರಳಿಗೆ ಕಟ್ಟಿ, ನೀವು ಮಾತ್ರ ಹಗುರಾಗಿ...

ಹೋಗಲಿ ಬಿಡಿ.

ನಿಮ್ಮ ತಿಥಿ ಮುಗಿದು ನೆಂಟರು ಬಸ್ಸು ಹತ್ತಿದ ವಾರದಲ್ಲೇ ಜಗಲಿಯ ಮೇಲೆ ಒಬ್ಬ ಮೇಸ್ತ್ರಿ ಬಂದು ಕೂತಿದ್ದ. ಮನೆ ಪೂರ್ತಿ ಕೆಡವಿ, ಎದುರುಬದುರು ಎರಡು ಸಾಲು ಷೀಟಿನ ಕೋಣೆ ಕಟ್ಟಿ, ಕಾರ್ಖಾನೆಯವರಿಗೆ ಬಾಡಿಗೆಗೆ ಬಿಡುವುದು ಅವನ ಲೆಕ್ಕ. ಸುತ್ತಮುತ್ತ ಎಲ್ಲರೂ ಮಾಡುತ್ತಿರುವುದೂ ಅದನ್ನೇ. ಅವನು ಹೋದಮೇಲೆ ಅಕ್ಕ ನೇರವಾಗಿ ಹೇಳಿದಳು. "ಕೀಳ್ಸಾಕ್ಬಿಡ್ತೀನಿ ಕಣೋ. ನೀನು ಹೂಂ ಅನ್ನು."

"ಭಾವ ಏನ್ ಹೇಳಿದ್ರು ಅಂತ ನೀನೂ ಕೇಳ್ಸ್ಕೊಂಡಿದ್ದೀಯಲ್ಲಕ್ಕ."

"ಹೇಳೋರು ಹೇಳ್ಬಿಟ್ಟು ಹೋದ್ರು. ಈ ಮನೇಲಿ ಇರೋಳು ನಾನು. ನಿಮ್ಮ ಭಾವ ಇರ್ತಾರಾ ಬಂದು?"

ಇದೇ ಮಾತು ವಾರವಾರವೂ ನಡೆಯಿತು. ಷಿಫ್ಟ್ ಮುಗಿಸಿ ಹೋದರೆ ಅವಳು ಕಾಫಿ ಲೋಟ ಕುಕ್ಕಿ ಇಡುತ್ತಿದ್ದಳು, ನಾನು ಕುಡಿದು ಎದ್ದು ಬರುತ್ತಿದ್ದೆ. ನನಗೂ ಸಿಟ್ಟಿತ್ತು ಭಾವ. ಬಾಡಿಗೆಯ ಆಸೆಗೆ ಮನೆ ಕೆಡವುತ್ತಾಳಲ್ಲ ಎಂದುಕೊಂಡಿದ್ದೆ. ಹೊರಡುವ ಹಿಂದಿನ ದಿನ ಹೋಗಿಬರುತ್ತೇನೆ ಎನ್ನಲು ಹೋದಾಗ ಚಟ್ನಿಪುಡಿಯ ಡಬ್ಬಿ ಕೈಗಿಟ್ಟಳು. "ಬಂದ್ಮೇಲೆ ಹೂಂ ಅನ್ಬೇಕು. ಇಲ್ದಿದ್ರೆ ನನ್ನ ಮೊಕ ನೋಡ್ಬ್ಯಾಡ" ಎಂದಳು. ಇದ್ದ ಒಬ್ಬಳೇ ಅಕ್ಕ. ಒಂದು ಕಡೆ ಅವಳು, ಇನ್ನೊಂದು ಕಡೆ ನಿಮಗೆ ಕೊಟ್ಟ ಮಾತು. ಬೊಂಬಾಯಿ, ಮಾಸ್ಕೋ ಎಂದು ವಿಮಾನ ಬದಲಿಸುತ್ತಾ ನಾನು ಆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡೇ ಹೋದೆ. ಅಷ್ಟು ದೂರದ ಪ್ರಯಾಣದಲ್ಲಿ ಒಂದು ಮೋಡವನ್ನಾದರೂ ಸರಿಯಾಗಿ ನೋಡಿದ ನೆನಪಿಲ್ಲ.

ಮೊದಲ ಬೆಳಿಗ್ಗೆ ಸಮುದ್ರದ ಹತ್ತಿರ ಕರೆದುಕೊಂಡು ಹೋದವಳು ಎಲೆನಾ. ನನ್ನ ಅರೆಬರೆ ಇಂಗ್ಲಿಷನ್ನು ಅವರ ಸ್ಪ್ಯಾನಿಷಿಗೆ ತಿರುಗಿಸಲೆಂದು ಅಲ್ಲಿಯ ಕಾರ್ಖಾನೆಯವರು ಜೊತೆಗೆ ಹಾಕಿದ್ದ ಹುಡುಗಿ. ಊರಿಗೂ ಸಮುದ್ರಕ್ಕೂ ನಡುವೆ ಉದ್ದಾನುದ್ದ ಒಂದು ಮೋಟುಗೋಡೆ. ಅಲೆ ಅದಕ್ಕೆ ಬಂದು ಬಡಿದರೆ ನೀರು ಗೋಡೆ ಹಾರಿ ರಸ್ತೆಗೆ ಬೀಳುತ್ತದೆ. ರಸ್ತೆಯ ಆಚೆಗೆ ಸಾಲು ಮಹಡಿಮನೆಗಳು, ದಿನವೂ ಉಪ್ಪುನೀರಿನ ಸ್ನಾನ ಅವಕ್ಕೆ. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು. ಉಪ್ಪು ಗಾಳಿಗೆ ಗೋಡೆ ಸುಮ್ಮನೆ ನಿಲ್ಲುವುದಿಲ್ಲ ಭಾವ, ಸವೆಯುತ್ತಾ ನಿಲ್ಲುತ್ತದೆ. ಬಣ್ಣ ಪದರಪದರವಾಗಿ ಎದ್ದು ಹಳದಿಯ ಕೆಳಗೆ ಹಸಿರು ಕಾಣುತ್ತದೆ, ಹಸಿರಿನ ಕೆಳಗೆ ನಿಮ್ಮ ನೀಲಿ. ಸುಣ್ಣಕ್ಕೆ ಜಾಸ್ತಿಯೇ ಕಲಸಿದ ಅದೇ ನೀಲಿ. ನಾನು ನಿಂತೇಬಿಟ್ಟೆ. ಮೈ ಹುಷಾರಿಲ್ಲವೇ ಎಂದು ಎಲೆನಾ ಕೇಳಿದಳು. ನಮ್ಮಕ್ಕ ಈ ಗೋಡೆ ನೋಡಿದ್ದರೆ ಬೈಯುತ್ತಿದ್ದಳು ಎಂದೆ. ಅವಳಿಗೆ ಅದೇನು ಅರ್ಥವಾಯಿತೋ, ತಲೆಯಾಡಿಸಿದಳು.

ಹಳೆಯ ಪೇಟೆಯ ಬೀದಿಗಳಲ್ಲಿ ನಡೆಯುವಾಗ ನೀವು ಜೊತೆಗಿರಬೇಕಿತ್ತು. ನಮ್ಮ ಬೆಂಗಳೂರಿನ ಪೇಟೆಯ ಗಲ್ಲಿಗಳಷ್ಟೇ ಕಿರಿದು. ಎರಡೂ ಕಡೆ ಮನೆಗಳ ಮಹಡಿಯ ಮೊಗಸಾಲೆಗಳು ಬೀದಿಯ ಮೇಲೆ ಚಾಚಿಕೊಂಡಿವೆ. ಈ ಕಡೆಯವಳು ಆ ಕಡೆಯವಳ ಜೊತೆ ಬಟ್ಟೆ ಒಣಹಾಕುತ್ತಲೇ ಹರಟುತ್ತಾಳೆ, ರೊಟ್ಟಿ ಮಾರುವವನು ಬಂದರೆ ಹಗ್ಗಕ್ಕೆ ಬುಟ್ಟಿ ಕಟ್ಟಿ ಇಳಿಬಿಡುತ್ತಾಳೆ. ದೊಡ್ಡ ಬೀದಿಗೆ ಬಂದರೆ ಮನೆಗಳ ಮುಂದಿನ ಜಗಲಿಗಳು ಒಂದಕ್ಕೊಂದು ಸೇರಿಕೊಂಡು, ಮೇಲೆ ಮಾಡು, ಪಕ್ಕಕ್ಕೆ ಕಲ್ಲಿನ ಕಂಬ. ಬಿಸಿಲು ತಾಗದೆ ಊರಿನ ಈ ತುದಿಯಿಂದ ಆ ತುದಿಗೆ ನಡೆಯಬಹುದು. ಬಾಗಿಲ ಮೇಲೆ ಅರ್ಧಚಂದ್ರದ ಆಕಾರದಲ್ಲಿ ಬಣ್ಣಬಣ್ಣದ ಗಾಜು ಕೂರಿಸುತ್ತಾರೆ, ಬಿಸಿಲು ಅದರಿಂದ ಇಳಿದು ನೆಲದ ಮೇಲೆ ಕೆಂಪು ಹಸಿರು ಚೆಲ್ಲುತ್ತದೆ. ಬಂದರಿನ ಬಾಯಲ್ಲಿ ಕೋಟೆ. ಒಂದು ದೊಡ್ಡ ಚರ್ಚನ್ನು ಸಮುದ್ರದಿಂದಲೇ ತೆಗೆದ ಕಲ್ಲಿನಲ್ಲಿ ಕಟ್ಟಿದ್ದಾರೆ, ಕಲ್ಲಿನೊಳಗೆ ಕಪ್ಪೆಚಿಪ್ಪುಗಳು ಹಾಗೇ ಕಾಣುತ್ತವೆ. ಅದರ ಮೇಲೆ ಕೈಯಿಟ್ಟೆ. ನಿಮ್ಮ ಬದಲಿಗೆ ಇಟ್ಟೆ. ಬಿಸಿಲಿಗೆ ಕಾದಿತ್ತು. ಆಮೇಲೆ ಎಲ್ಲೆಲ್ಲಿ ಹಳೆಯ ಗೋಡೆ ಕಂಡರೂ ಕೈಯಿಡುವುದು ಅಭ್ಯಾಸವಾಗಿಹೋಯಿತು, ಎಲೆನಾ ನೋಡಿ ನೋಡಿ ಕೇಳುವುದನ್ನೇ ಬಿಟ್ಟಳು.

ಪೆಟ್ಟಿಗೆ ಬಿಚ್ಚಿದ ದಿನದ ಮಾತು ಹೇಳುವುದಕ್ಕೆ ಇಷ್ಟು ಹೊತ್ತು ಹಿಂದೆಮುಂದೆ ನೋಡಿದೆ. ಮಿಷನ್ನು ನೋಡಿ ಒಪ್ಪಿಗೆ ಹಾಕಬೇಕಾದವನು ರಾಮೋನ್ ಎಂಬಾತ, ನನ್ನ ವಯಸ್ಸಿನವನೇ, ಮಾತು ಕಡಿಮೆ. ನೀವು ಹೊಡೆದ ಮೊಳೆಗಳನ್ನು ಅವರ ಕಡೆಯವರು ಕಿತ್ತರು. ಹಲಗೆ ಸರಿಸಿ ಎಣ್ಣೆಕಾಗದ ಎತ್ತಿದರೆ ಬೆಡ್ಡಿನ ಉದ್ದಕ್ಕೂ ಕಂದುಗೆಂಪು ಕಲೆಗಳು. ರಾಮೋನ್ ಹೆಬ್ಬೆರಳಿನಿಂದ ಉಜ್ಜಿ ಮೂಸಿ ನೋಡಿದ. ಒಂದೇ ಮಾತು ಹೇಳಿದ. ಎಲೆನಾ ನನ್ನ ಮುಖ ನೋಡದೆ, "ತುಕ್ಕು ಅಂತಿದ್ದಾರೆ" ಎಂದಳು. ಬೆಡ್ಡಿಗೆ ತುಕ್ಕು ಹಿಡಿದಿದೆ ಎಂದು ಅವನು ಬರೆದರೆ ಮಿಷನ್ನು ಬಂದ ದಾರಿಯಲ್ಲೇ ವಾಪಸ್ಸು.

ನನಗೆ ಮಾತ್ರ ಒಂದೇ ನೋಟಕ್ಕೆ ತಿಳಿಯಿತು. ಸಾಲಾಗಿ, ಒಂದೇ ಅಂತರದಲ್ಲಿ, ಉಂಗುರದ ಬೆರಳಿನಿಂದ ಇಟ್ಟ ಕಲೆಗಳು. ಸಮುದ್ರದ ತೇವಕ್ಕೆ ಎಣ್ಣೆಯ ಜೊತೆ ಕಲೆತು ಕಂದು ಬಣ್ಣಕ್ಕೆ ತಿರುಗಿದ್ದವು, ಅಷ್ಟೇ. ತಿಂಗಳುಗಟ್ಟಲೆ ಹಡಗಿನಲ್ಲಿ ತೇಲಿ ನಿಮ್ಮ ಕೈ ನನಗಿಂತ ಮುಂಚೆ ಅಲ್ಲಿಗೆ ಹೋಗಿ ಕೂತಿತ್ತು. ಇದು ತುಕ್ಕಲ್ಲ ಎಂದೆ. ಮತ್ತೇನು ಎಂದರು. ಏನೆಂದು ಹೇಳಲಿ? ಮ್ಯಾನೇಜರು ಬೇಡ ಅಂದದ್ದನ್ನು ನಮ್ಮ ಭಾವ ಕದ್ದು ಇಟ್ಟರು, ಇಟ್ಟವರು ಈಗಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು?

ಹೇಳುವುದಕ್ಕಿಂತ ಒರೆಸಿ ತೋರಿಸುವುದೇ ದಾರಿಯಾಗಿತ್ತು. ಸೀಮೆಎಣ್ಣೆಗೆ ಅದ್ದಿದ ಬಟ್ಟೆ ತೆಗೆದುಕೊಂಡೆ. ಮೊದಲನೆಯ ಬೊಟ್ಟಿನ ಮೇಲೆ ಬಟ್ಟೆ ಇಟ್ಟಾಗ ನಿಮ್ಮ ಹನ್ನೊಂದನೆಯ ದಿನ ಕಣ್ಣೆದುರಿಗೆ ಬಂತು. ಅಕ್ಕನನ್ನು ನಡುವೆ ಕೂರಿಸಿಕೊಂಡು ನೆಂಟರ ಹೆಂಗಸರು ಅವಳ ಹಣೆ ಒರೆಸಿದ್ದು, ಅವಳು ಅಳದೆ ಗೋಡೆ ನೋಡುತ್ತಾ ಕೂತಿದ್ದದ್ದು. ಈಗ ನಾನೂ ಒರೆಸುತ್ತಿದ್ದೇನೆ ಅನಿಸಿತು. ಒಂದೊಂದಾಗಿ ಒರೆಸಿದೆ. ಕೆಳಗೆ ಲೋಹ ಪಳಪಳ ಎನ್ನುತ್ತಿತ್ತು, ನಾನು ಕಳಿಸಿದಾಗ ಹೇಗಿತ್ತೋ ಹಾಗೆ. ರಾಮೋನ್ ಬಗ್ಗಿ ನೋಡಿದ, ಒಪ್ಪಿದ. ನನ್ನ ಕಣ್ಣಲ್ಲಿ ನೀರು ನೋಡಿ ಗಾಬರಿಯಾದ. ಆಗ ಬಟ್ಟೆಗೆ ಅಂಟಿದ್ದ ಕೆಂಪನ್ನು ಬೆರಳಿಗೆ ತೆಗೆದು ನನ್ನ ಹಣೆಗಿಟ್ಟುಕೊಂಡು ತೋರಿಸಿದೆ, ನಡೆದದ್ದೆಲ್ಲ ಎಲೆನಾಳ ಕೈಯಲ್ಲಿ ಹೇಳಿಸಿದೆ. ಪೂಜೆಗೀಜೆ ಅಲ್ಲಿಯ ಸರ್ಕಾರಕ್ಕೂ ಹಿಡಿಸದು, ಅವನು ಸುತ್ತ ಯಾರಿದ್ದಾರೆಂದು ನೋಡಿಕೊಂಡು ಮೆಲ್ಲಗೆ ಏನೋ ಅಂದ. "ಅವರ ಅಜ್ಜಿ ಕೂಡ ಹೊಸದೇನಾದರೂ ಮನೆಗೆ ಬಂದರೆ ಬಾಗಿಲಲ್ಲಿ ತೆಂಗಿನಕಾಯಿ ಇಡುತ್ತಿದ್ದರಂತೆ" ಎಂದಳು ಎಲೆನಾ.

ಎಲ್ಲವನ್ನೂ ಒರೆಸಿದೆ ಎಂದುಕೊಂಡಿದ್ದೆ. ಮರುದಿನ ವೈರಿಂಗ್ ನೋಡಲು ಮಿಷನ್ನಿನ ಸ್ವಿಚ್ಚುಗಳ ಪೆಟ್ಟಿಗೆಯ ಬಾಗಿಲು ತೆರೆದರೆ ಅದರ ಒಳಮೈಗೆ ಇನ್ನೊಂದು ಗುರುತು. ಅವತ್ತು ತೆರೆದೇ ಇದ್ದ ಬಾಗಿಲನ್ನು ಬಗ್ಗಿ ಏಳುವಾಗ ಆಸರೆಗೆ ಹಿಡಿದುಕೊಂಡಿದ್ದಿರೇನೋ, ಬೊಟ್ಟಲ್ಲ, ನಿಮ್ಮ ಹೆಬ್ಬೆರಳೇ ಪೂರ್ತಿ ಮೂಡಿತ್ತು. ರಾಮೋನನ ಕಡೆ ನೋಡಿದೆ. ಅವನೂ ನೋಡಿದ್ದ. ಬಾಗಿಲನ್ನು ತಾನೇ ಮೆಲ್ಲಗೆ ಮುಚ್ಚಿ ತಿರುಪು ಬಿಗಿದ. ಅದು ಅಲ್ಲೇ ಇದೆ ಭಾವ. ಲೇತು ಈಗ ದಿನಾ ಓಡುತ್ತಿರಬೇಕು.

ಆ ಭಾನುವಾರ ರಾಮೋನ್ ತಾನಾಗಿಯೇ ಬಂದ. ನಿನ್ನ ಭಾವ ಮನೆಗಳನ್ನು ನೋಡಿ ಬಾ ಎಂದಿದ್ದರಲ್ಲ, ಬೀದಿಯಲ್ಲಿ ನಿಂತು ನೋಡಿದರೆ ಮನೆ ತಿಳಿಯುತ್ತದೆಯೇ, ನಮ್ಮ ಸೋದರತ್ತೆಯ ಮನೆಗೆ ಹೋಗೋಣ ನಡಿ ಎಂದ. ಎಲೆನಾಳೂ ಬಂದಳು. ಹಳೆಯ ಪೇಟೆಯೊಳಗೆ ಆನೆ ನುಗ್ಗುವಷ್ಟು ಎತ್ತರದ ಬಾಗಿಲು. ಒಳಗೆ ಕಾಲಿಟ್ಟವನು ಹೊಸ್ತಿಲ ಹತ್ತಿರವೇ ನಿಂತೆ. ತೊಟ್ಟಿ! ನಡುವೆ ಆಕಾಶಕ್ಕೆ ತೆರೆದ ಅಂಗಳ, ಅದರಲ್ಲೊಂದು ಬಾವಿ, ಸುತ್ತ ಕಂಬಗಳು, ಕಂಬದ ಹಿಂದೆ ಸಾಲು ಕೋಣೆಗಳು. ಕಂಬ ಮರದ್ದಲ್ಲ ಕಲ್ಲಿನದು, ತೊಲೆಯ ಬದಲು ಕಮಾನು, ಅಷ್ಟೇ ವ್ಯತ್ಯಾಸ. ಯಾವುದೋ ಕಾಲದ ಸಕ್ಕರೆ ವ್ಯಾಪಾರಿಯ ಮನೆಯಂತೆ.

ಒಳಗಿನ ಸ್ಥಿತಿ ಮಾತ್ರ, ಚೆಂದವೆಂದು ಸುಳ್ಳು ಹೇಳುವುದಿಲ್ಲ. ಒಂದು ಮೂಲೆಯ ಮೊಗಸಾಲೆ ಬಿದ್ದುಹೋಗಿದೆ, ಗೋಡೆಗೆ ಮರದ ದಿಮ್ಮಿಯ ಆಸರೆ ಕೊಟ್ಟಿದ್ದಾರೆ, ಮಾಡಿನ ಅಂಚಿನಲ್ಲಿ ಗಿಡ ಬೆಳೆದಿದೆ, ನೀರು ಬಕೆಟ್ಟಿನಲ್ಲಿ ಹೊತ್ತು ತರಬೇಕು. ಆದರೆ ಭಾವ, ಕೋಣೆಗೊಂದು ಸಂಸಾರ. ಮಾಡು ಎತ್ತರವಿದ್ದ ಕೋಣೆಗಳಲ್ಲಿ ಅಟ್ಟ ಹಾಕಿ ಮೇಲೊಂದು ಸಂಸಾರ, ಕೆಳಗೊಂದು. ಕಂಬದಿಂದ ಕಂಬಕ್ಕೆ ಬಟ್ಟೆಯ ಹಗ್ಗ. ಎಲ್ಲೋ ರೇಡಿಯೋ, ಎಲ್ಲೋ ಒಗ್ಗರಣೆ. ಅವರೂ ಅನ್ನದ ಜೊತೆ ಕಪ್ಪು ಕಾಳಿನ ಸಾರು ಉಣ್ಣುತ್ತಾರೆ. ಪಕ್ಕಾ ನಮ್ಮ ವಠಾರ! ವಠಾರ ಕಟ್ಟುವುದಕ್ಕೆ ಅವರು ಮನೆಯನ್ನು ಕೆಡವಿರಲಿಲ್ಲ.

ಆ ಸೋದರತ್ತೆ ಕಂಬದ ಪಕ್ಕ ತೂಗುಕುರ್ಚಿಯಲ್ಲಿ ಕೂತಿದ್ದ ಮುದುಕಿ. ಗಂಡನ ಮನೆತನದ್ದೇ ಈ ಮನೆ. ಪುಟ್ಟ ಬಟ್ಟಲಲ್ಲಿ ಕಷಾಯದಂಥ ಕಾಫಿ ಕೊಟ್ಟಳು. ನಾನು ಅಕ್ಕನ ವಿಷಯ ಹೇಳಿದೆ. ಗೊತ್ತಿಲ್ಲದವರ ಮುಂದೆ ಮನೆಯ ಗುಟ್ಟು ಯಾಕೆ ಹೇಳಿದೆನೋ, ಹೊತ್ತು ಹೊತ್ತು ಸಾಕಾಗಿತ್ತು ಅಂತ ಕಾಣುತ್ತದೆ. ಮುದುಕಿ ಕೇಳಿಸಿಕೊಂಡು, ನಿನ್ನ ಅಕ್ಕ ಮನೆಯಲ್ಲಿ ಒಬ್ಬಳೇ ಇದ್ದಾಳೆಯೇ ಎಂದು ಕೇಳಿದಳು. ಹೌದು ಎಂದೆ. ಆಮೇಲೆ ಅವಳು ಹೇಳಿದ್ದನ್ನು ಎಲೆನಾ ನಿಧಾನವಾಗಿ ಹೇಳಿದಳು. "ಗಂಡ ಸತ್ತ ವರ್ಷ ಈ ಅಂಗಳದಲ್ಲಿ ಒಂದು ಚಮಚ ಬಿದ್ದರೂ ನನ್ನ ಎದೆ ನಡುಗುತ್ತಿತ್ತು. ಆಮೇಲೆ ಸರ್ಕಾರದವರು ಇವರನ್ನೆಲ್ಲ ತಂದು ಇಟ್ಟರು. ಮನೆ ಹೋಯಿತಲ್ಲ ಎಂದು ಅತ್ತಿದ್ದೆ. ಈಗ ದಿನವಿಡೀ ಯಾರ್‍ಯಾರದೋ ಚಮಚ ಬೀಳುತ್ತವೆ. ನಾನು ತಲೆಯೆತ್ತಿಯೂ ನೋಡುವುದಿಲ್ಲ."

ವಾಪಸ್ಸು ಬಂದ ದಿನ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಬಾ ಎನ್ನಲಿಲ್ಲ. "ಏನಂತೀಯ?" ಎಂದಳು. ನಾನು ಚಟ್ನಿಪುಡಿಯ ಖಾಲಿ ಡಬ್ಬಿ ಅವಳ ಕೈಗೆ ಕೊಟ್ಟು, ತೊಟ್ಟಿಯ ಅಂಚಿನಲ್ಲಿ ಕೂತು, ಮನೆಯ ಮಾತೆತ್ತದೆ ಲೇತಿನ ಮಾತು ಹೇಳಿದೆ. ನೀವು ಕದ್ದು ಕುಂಕುಮವಿಟ್ಟದ್ದು, ಬರೀ ಹಣೇಲಿ ಕಳ್ಸೋಕಾಗ್ತದಾ ಅಂದದ್ದು, ನಾನು ಒರೆಸಿದ್ದು, ಬಾಗಿಲ ಒಳಗಿನ ಹೆಬ್ಬೆರಳು. ನೀವು ಸತ್ತ ದಿನ ಅಳದವಳು, ಹನ್ನೊಂದನೆಯ ದಿನ ಅಳದವಳು, ಆ ಡಬ್ಬಿ ಹಿಡಿದುಕೊಂಡು ಅತ್ತಳು. ಎಷ್ಟು ಹೊತ್ತೋ.

ಅತ್ತು ಮುಗಿದಮೇಲೆ ಮೂಲೆಯ ಕಂಬ ತೋರಿಸಿದಳು. "ಬಾಡಿಗೆ ಆಸೆಗೆ ಕೀಳ್ಸ್ತಾಳೆ ಅಂತ ತಾನೆ ನೀನು ಅಂದ್ಕೊಂಡಿದ್ದು? ದಿನಾ ಸಂಜೆ ಆಗ್ತದೆ ಕಣೋ. ಆ ಕಂಬ ನೋಡಿದ್ರೆ ಅವ್ರು ಒರಗ್ಕೊಂಡು ಕೂತಂಗೇ ಇರ್ತದೆ. ಹೆಂಚಿನ ಮೇಲೆ ಬೆಕ್ಕು ನಡೆದ್ರೂ ಬಂದ್ರು ಅಂತ ಎದ್ದು ಕೂತ್ಕೊಂತೀನಿ. ನಿಮ್ಮ ಭಾವ ಮನೆ ಉಳ್ಸು ಅಂತ ನಿಂಗೆ ಹೇಳಿದ್ರು. ಇದ್ರೊಳಗೆ ನಾನ್ ಎಂಗಿರ್ಲಿ ಅಂತ ಯಾರಿಗಾದ್ರೂ ಹೇಳಿದ್ರಾ?"

ಉತ್ತರ ಇದೆಯಾ ಭಾವ ನಿಮ್ಮ ಹತ್ತಿರ? ನಿಮ್ಮ ಮೇಲೆ ಸಿಟ್ಟು ಬಂತು, ನಿಜ ಹೇಳುತ್ತೇನೆ. ಗೋಡೆಗೆ, ಕಂಬಕ್ಕೆ, ಮಿಷನ್ನಿಗೆಲ್ಲ ಅಷ್ಟು ಯೋಚನೆ ಮಾಡಿದವರು... ಆದರೆ ಆಗ ಆ ಮುದುಕಿಯ ಚಮಚ ನೆನಪಾಯಿತು. ಹಾಗೇ ಹೇಳಿದೆ. ಅಂಗಳದ ಬಾವಿ, ಬಟ್ಟೆಯ ಹಗ್ಗ, ಅಟ್ಟದ ಮೇಲಿನ ಸಂಸಾರ, ಎಲ್ಲ. ಅಕ್ಕ ಸೆರಗಿನಿಂದ ಮೂಗೊರೆಸಿಕೊಳ್ಳುತ್ತಾ ಕೇಳಿದಳು. "ಅಷ್ಟೊಂದು ಜನ ಒಂದೇ ಬಾವಿಗೆ ಬಂದ್ರೆ ಜಗಳ ಆಡಲ್ವಾ?"

"ದಿನಾ ಆಡ್ತಾರಂತೆ."

"ಆ ಮುದುಕಮ್ಮ?"

"ಕುರ್ಚಿ ಮೇಲೆ ಕೂತೇ ಎಲ್ರಿಗೂ ಬೈತಾಳೆ."

ಮುಂದಿನ ವಾರ ಹೋದರೆ ಅಕ್ಕ ಮೇಸ್ತ್ರಿಗೆ ಬೇರೆ ಕೆಲಸ ಹೇಳಿದ್ದಳು. ಹಿಂದಿನ ಕೊಟ್ಟಿಗೆ ಹೋಯಿತು ಭಾವ, ಬೈಯುವುದಿದ್ದರೆ ಬೈದುಬಿಡಿ. ಅಲ್ಲಿ ಈಗ ಬಚ್ಚಲು, ಪಾಯಿಖಾನೆ. ತೊಟ್ಟಿಯನ್ನು, ಕಂಬಗಳನ್ನು ಮುಟ್ಟಲಿಲ್ಲ. ಸುತ್ತಲಿನ ಕೋಣೆಗಳಲ್ಲಿ ಚಿತ್ರದುರ್ಗದ ಕಡೆಯ ಹೊಸ ಜೋಡಿ, ಧರ್ಮಪುರಿಯ ತಮಿಳು ಸಂಸಾರ, ಗುಲ್ಬರ್ಗಾದಿಂದ ಬಂದ ನಾಲ್ಕಾರು ಟರ್ನರುಗಳು. ಬೆಳಿಗ್ಗೆ ನಲ್ಲಿಯ ಹತ್ತಿರ ಕುರುಕ್ಷೇತ್ರ. ಸೀಮೆಎಣ್ಣೆ ಸ್ಟೌವಿನ ವಾಸನೆಗೆ ನಿಮ್ಮ ಮೂಗು ಒಪ್ಪುತ್ತಿರಲಿಲ್ಲ. ಪಂಚೆ ಬನಿಯನ್ನು ತೊಟ್ಟಿಗೆ ಅಡ್ಡಡ್ಡ ನೇತಾಡುತ್ತವೆ. ಅಕ್ಕ ಅವರಿಗೆಲ್ಲ ಬೈಯುತ್ತಾಳೆ, ಅವರ ಮನೆಯ ಸಾರಿಗೆ ಉಪ್ಪು ಸಾಲದೆಂದೂ ಬೈಯುತ್ತಾಳೆ. ನನಗೆ ಕಾಫಿ ಲೋಟ ಕುಕ್ಕಿ ಇಡುವುದು ನಿಂತಿದೆ. ಲೋಟ ಕೈಗೆ ಕೊಡುವುದಕ್ಕೂ ಅವಳಿಗೆ ಈಗ ಪುರುಸೊತ್ತಿಲ್ಲ, ನೀನೇ ಬಗ್ಗಿಸ್ಕೊ ಎನ್ನುತ್ತಾಳೆ.

ಈ ಯುಗಾದಿಗೆ ಸುಣ್ಣ ಹೊಡೆಯಲು ನಾನು ಹೋದೆ. ನಿಮ್ಮ ಹಾಗೆ ಮೇಲಿಂದ ಕೆಳಕ್ಕೆ ಒಂದೇ ಎಳೆತಕ್ಕೆ ಎಳೆಯುವುದು ನನಗೆ ಬರುವುದಿಲ್ಲ, ಮೈಯೆಲ್ಲ ಸುಣ್ಣ. ಅಕ್ಕನಿಗೆ ಇಷ್ಟವಿಲ್ಲವೆಂದು ನೀಲಿಯನ್ನು ಚಿಟಿಕೆಯಷ್ಟೇ ಕಲಸಿದ್ದೆ. ಅವಳು ಬಂದು ಬಕೆಟ್ಟು ನೋಡಿದಳು. ಪೊಟ್ಟಣ ಕಿತ್ತುಕೊಂಡು ಉಳಿದದ್ದನ್ನೆಲ್ಲ ಸುರಿದಳು. "ಇದೇನ್ ಸುಣ್ಣ, ನೀರಿಳಿಸಿದ ಮಜ್ಜಿಗೆ ತರ" ಎಂದಳು. ಮನೆ ಈಗ ಹೇಗಾಗಿದೆಯೆಂದರೆ, ಗುಲ್ಬರ್ಗಾದ ಹುಡುಗರು ಅದಕ್ಕೆ ನೀಲಿ ಬಂಗಲೆ ಎಂದು ಹೆಸರಿಟ್ಟಿದ್ದಾರೆ.

ಹಬ್ಬದ ಬೆಳಿಗ್ಗೆ ನಾನು ತೋರಣ ಕಟ್ಟುತ್ತಿದ್ದಾಗ ಅಕ್ಕ ಕುಂಕುಮದ ಬಟ್ಟಲು ಹಿಡಿದು ಒಳಗಿನಿಂದ ಬಂದಳು. ನೀವು ಹೋದಮೇಲೆ ಆ ಬಟ್ಟಲನ್ನು ಅವಳು ಮುಟ್ಟಿರಲಿಲ್ಲ, ಹೊಸ್ತಿಲಿಗೂ ಚಿತ್ರದುರ್ಗದ ಹುಡುಗಿಯ ಕೈಯಲ್ಲೇ ಇಡಿಸುತ್ತಿದ್ದಳು. ಅವತ್ತು ನೇರವಾಗಿ ಮೂಲೆಯ ಕಂಬದ ಹತ್ತಿರ ಹೋದಳು. ಕಂಬದ ಮೇಲೆ, ನೀವು ಒರಗಿದಾಗ ತಲೆ ತಾಗುತ್ತಿದ್ದ ಎತ್ತರಕ್ಕೆ, ಉಂಗುರದ ಬೆರಳಿನಿಂದ ಒಂದು ಬೊಟ್ಟು ಇಟ್ಟಳು. ಒಬ್ಬಟ್ಟು ಕೊಡಲು ಬಂದಿದ್ದ ಪಕ್ಕದ ಮನೆಯ ಹಿರಿಯಮ್ಮ ಬಾಯಿ ಮೇಲೆ ಕೈಯಿಟ್ಟಳು. "ಅಯ್ಯೋ, ನೀನು ಕುಂಕುಮ ಮುಟ್ಬಾರ್ದು ಕಣವ್ವ."

ಅಕ್ಕ ತಿರುಗಿಯೂ ನೋಡಲಿಲ್ಲ. ಪಕ್ಕದ ಕಂಬಕ್ಕೆ ಹೋಗಿ ಇನ್ನೊಂದು ಬೊಟ್ಟು ಇಡುತ್ತಾ ಹೇಳಿದಳು. "ಬರೀ ಹಣೇಲಿ ನಿಲ್ಸೋಕಾಗ್ತದಾ?"

ಒಂದು ಕಂಬವನ್ನೂ ಬಿಡದೆ ತೊಟ್ಟಿಯ ಸುತ್ತ ಇಟ್ಟುಕೊಂಡು ಬಂದಳು. ಆಮೇಲೆ ಮೂಲೆಗೆ ವಾಪಸ್ಸು ಬಂದು, ನಿಮ್ಮ ಕಂಬಕ್ಕೆ ಒರಗಿ ಕೂತು, ಯಾರೋ ಒಲೆಯ ಮೇಲೆ ಹಾಲು ಉಕ್ಕಿಸಿದ್ದಕ್ಕೆ ಅಲ್ಲಿಂದಲೇ ಬೈಯಲು ಶುರು ಮಾಡಿದಳು.

ಇಷ್ಟೇ ಭಾವ, ನೀವು ಕೇಳಿದ್ದ ವರದಿ. ಮುಂದಿನ ಯುಗಾದಿಗೂ ಸುಣ್ಣಕ್ಕೆ ನಾನೇ ಹೋಗುತ್ತೇನೆ, ನೀಲಿಯನ್ನು ಅವಳ ಕೈಗೇ ಬಿಟ್ಟಿದ್ದೇನೆ. ಅವತ್ತು ಅವಳು ಎದ್ದು ಒಳಗೆ ಹೋದಾಗ ಅವಳ ತಲೆಗೂದಲಿನ ಹಿಂದೆ, ಕಂಬ ತಾಗಿದ ಕಡೆ, ಕುಂಕುಮ ಹತ್ತಿಕೊಂಡಿತ್ತು. ನಾನು ನೋಡಿದೆ. ಹೇಳಲಿಲ್ಲ.

ನಿಮ್ಮ ಭಾವಮೈದ,
ಶಿವ